ಇಂಗ್ಲಿಷಿನಲ್ಲಿ ಸಲಹೆ ಕೊಡುವುದು, ‘ನನಗೆ ಇದೇ ಇಷ್ಟ’ ಅನ್ನುವುದು ಹೇಗೆ?

ಆಫೀಸಿನಲ್ಲಿ ಮ್ಯಾನೇಜರ್ ಒಂದು ಫೈಲ್ ಕಳಿಸಿದ್ದಾರೆ. ಅದರಲ್ಲಿ ಎಲ್ಲೋ ಲೆಕ್ಕ ತಪ್ಪಿದೆ. ಕನ್ನಡದಲ್ಲಾದರೆ ‘ಸಾರ್, ಇದನ್ನ ಇನ್ನೊಂದ್ಸಲ ನೋಡಿದ್ರೆ ಒಳ್ಳೇದು’ ಅನ್ನುತ್ತೇವೆ. ಯಾರಿಗೂ ಬೇಜಾರಾಗದ ಮಾತು. ಅದನ್ನೇ ಇಂಗ್ಲಿಷಿಗೆ ತಿರುಗಿಸಿ ‘ಯು ಬೆಟರ್ ಚೆಕ್ ದಿಸ್ ಅಗೇನ್’ ಅಂತ ಬರೆದು ಕಳಿಸಿದರೆ, ಲಂಡನ್ನಿನಲ್ಲೋ ಚಿಕಾಗೋದಲ್ಲೋ ಕೂತು ಓದುವವರಿಗೆ ಅದು ‘ಸರಿಯಾಗಿ ನೋಡ್ಕೊಳ್ಳಿ, ಇಲ್ದಿದ್ರೆ ನೆಟ್ಟಗಿರಲ್ಲ’ ಅಂದ ಹಾಗೆ ಕೇಳಿಸುತ್ತದೆ.

ಕನ್ನಡದಲ್ಲಿ ಮಾತನ್ನು ಮೆತ್ತಗೆ ಮಾಡಲು ನಮ್ಮ ಹತ್ತಿರ ಬೇಕಾದಷ್ಟು ದಾರಿಗಳಿವೆ. ‘ನೀನು’ ಬಿಟ್ಟು ‘ನೀವು’ ಅನ್ನಬಹುದು. ‘ರೀ’, ‘ಸಾರ್’, ‘ಅಕ್ಕಾ’ ಸೇರಿಸಬಹುದು. ಕೊನೆಗೆ ಒಂದು ‘ಅಲ್ವಾ’ ಹಾಕಬಹುದು. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯು’. ಹಾಗಾಗಿ ಆ ಮೆತ್ತಗಿನ ಕೆಲಸವನ್ನೆಲ್ಲ ಕ್ರಿಯಾಪದಕ್ಕಿಂತ ಮೊದಲು ಬರುವ ಶುಡ್, ಕುಡ್, ವುಡ್, ಮೈಟ್ ಥರದ ಪುಟ್ಟ ಪದಗಳೇ ಮಾಡಬೇಕು. ಅವುಗಳಲ್ಲಿ ಯಾವುದು ಎಷ್ಟು ಒತ್ತುತ್ತದೆ ಅಂತ ಗೊತ್ತಾದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿದ ಹಾಗೆ.

ಇಂಗ್ಲಿಷ್ ವಾಕ್ಯಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಬಾಯಿಬಿಟ್ಟು ಓದಿ. ಇವು ಮನಸ್ಸಲ್ಲೇ ಓದಿಕೊಂಡು ಕಲಿಯುವ ವಾಕ್ಯಗಳಲ್ಲ.

ಹೆಜ್ಜೆ 1: ನಿಮ್ಮ ‘ಬೇಕು’ ಯಾವುದು ಅಂತ ನೋಡಿಕೊಳ್ಳಿ

ಕನ್ನಡದ ‘ಬೇಕು’ ಒಂದೇ ಪದ, ಮಾಡುವ ಕೆಲಸ ನಾಲ್ಕಾರು. ‘ನನಗೆ ನೀರು ಬೇಕು’ ಅಂದರೆ ವಾಂಟ್. ‘ನಾಳೆ ಬೇಗ ಏಳಬೇಕು, ಆರಕ್ಕೆ ಟ್ರೇನು’ ಅಂದರೆ ಹ್ಯಾವ್ ಟು. ‘ಹೆಲ್ಮೆಟ್ ಹಾಕಲೇಬೇಕು’ ಅಂದರೆ ಮಸ್ಟ್. ‘ನೀನು ಸ್ವಲ್ಪ ರೆಸ್ಟ್ ತಗೋಬೇಕು ಕಣೋ’ ಅಂದರೆ ಶುಡ್. ಸಲಹೆ ಅಂದರೆ ಈ ಕೊನೆಯದು. ನಮ್ಮಲ್ಲಿ ಬಹಳ ಜನ ಎಲ್ಲಾ ‘ಬೇಕು’ಗಳಿಗೂ ಮಸ್ಟ್ ಹಾಕಿಬಿಡುತ್ತಾರೆ. ‘ಯು ಮಸ್ಟ್ ಟೇಕ್ ರೆಸ್ಟ್’ ಅಂತ ಡಾಕ್ಟರ್ ಹೇಳಿದರೆ ಸರಿ. ಸಹೋದ್ಯೋಗಿ ಹೇಳಿದರೆ ಆರ್ಡರ್ ಕೊಟ್ಟ ಹಾಗಿರುತ್ತದೆ.

ಒಂದು ಕಡೆ ಮಾತ್ರ ಮಸ್ಟ್ ಅಪ್ಪಣೆಯ ಹಾಗೆ ಕೇಳಿಸುವುದಿಲ್ಲ. ‘ಹಂಪಿಗೆ ಹೋದ್ರೆ ವಿಠ್ಠಲ ದೇವಸ್ಥಾನ ನೋಡ್ಲೇಬೇಕು’ ಅಂತ ಖುಷಿಯಿಂದ ಹೇಳುತ್ತೇವಲ್ಲ, ಅಲ್ಲಿ ‘ಯು ಮಸ್ಟ್ ಸೀ ದ ವಿಠ್ಠಲ ಟೆಂಪಲ್’ ಅನ್ನುವುದೇ ಚೆಂದ. ಊಟ, ಊರು, ಸಿನಿಮಾ ವಿಷಯದಲ್ಲಿ ಮಸ್ಟ್ ಉತ್ಸಾಹ ತೋರಿಸುತ್ತದೆ. ಕೇಳುವವರ ಕೆಲಸ, ಆರೋಗ್ಯ, ದುಡ್ಡಿನ ವಿಷಯಕ್ಕೆ ಬಂದರೆ ಅದೇ ಮಸ್ಟ್ ಜೋರು ಮಾಡಿದ ಹಾಗಾಗುತ್ತದೆ.

ಹೆಜ್ಜೆ 2: ಕನ್ನಡದ ಕೊನೆಯಿಂದ ಇಂಗ್ಲಿಷಿನ ಪದ ಹಿಡಿಯಿರಿ

ಗೆಳೆಯನಿಗೆ ವಾರದಿಂದ ಕೆಮ್ಮು ಅಂತ ಇಟ್ಟುಕೊಳ್ಳಿ. ಕನ್ನಡದಲ್ಲಿ ಅವನಿಗೆ ಏನೇನು ಹೇಳುತ್ತೀರಿ, ನೋಡೋಣ.

‘ಕಷಾಯ ಕುಡಿದು ನೋಡಬಹುದು.’ ಬಹುದು ಬಂತಲ್ಲ, ಅದಕ್ಕೆ ಕುಡ್: ‘ಯು ಕುಡ್ ಟ್ರೈ ಸಮ್ ಕಷಾಯ.’ ಇದು ಬರೀ ಒಂದು ದಾರಿ ತೋರಿಸುವ ಮಾತು. ಕುಡಿದರೂ ಸರಿ, ಬಿಟ್ಟರೂ ಸರಿ.

‘ಡಾಕ್ಟರ್ ಹತ್ರ ಒಂದ್ಸಲ ಹೋಗ್ಬಾರ್ದಾ?’ ಇದು ನಮ್ಮಲ್ಲಿ ತುಂಬಾ ಬಳಸುವ, ಪ್ರೀತಿಯ ಸಲಹೆ. ‘ಬಾರದು’ ಇದೆ ಅಂತ ‘ಶುಡ್ ನಾಟ್’ ಹುಡುಕಲು ಹೋಗಬೇಡಿ. ಇಂಗ್ಲಿಷಿನಲ್ಲಿ ಇದಕ್ಕೆ ಸರಿಸಮ ‘ವೈ ಡೋಂಟ್ ಯು ಸೀ ಎ ಡಾಕ್ಟರ್?’ ಇದನ್ನು ಕೇಳಿ ಕೆಲವರು ‘ಯಾಕೆ ಹೋಗಿಲ್ಲ’ ಅಂತ ಪ್ರಶ್ನೆ ಮಾಡುತ್ತಿದ್ದಾರೆ ಅಂದುಕೊಂಡು, ‘ಬಿಕಾಸ್ ಐ ಹ್ಯಾವ್ ನೋ ಟೈಮ್’ ಅಂತ ಕಾರಣ ಕೊಡಲು ಶುರು ಮಾಡುತ್ತಾರೆ. ಅವರು ಕೇಳಿದ್ದು ಕಾರಣವನ್ನಲ್ಲ. ‘ಗುಡ್ ಐಡಿಯಾ, ಐ ವಿಲ್’ ಅಂದರೆ ಸಾಕು.

‘ನೀನು ಡಾಕ್ಟರ್‌ಗೆ ತೋರಿಸ್ಬೇಕು.’ ಇದು ಶುಡ್: ‘ಯು ಶುಡ್ ಸೀ ಎ ಡಾಕ್ಟರ್.’

‘ಇವತ್ತೇ ತೋರಿಸ್ಬಿಡು, ಆಮೇಲೆ ಜಾಸ್ತಿ ಆದ್ರೆ ಕಷ್ಟ.’ ಇಲ್ಲಿಗೆ ಬಂದಾಗ ಹ್ಯಾಡ್ ಬೆಟರ್: ‘ಯೂಡ್ ಬೆಟರ್ ಸೀ ಎ ಡಾಕ್ಟರ್ ಟುಡೇ.’

ಕೆಳಗಿಳಿದಷ್ಟೂ ಒತ್ತು ಜಾಸ್ತಿ. ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಸಂಭಾಷಣೆ ಕೊಟ್ಟು, ಗೆರೆ ಎಳೆದ ವಾಕ್ಯ ಏನು ಕೆಲಸ ಮಾಡುತ್ತಿದೆ ಅಂತ ಕೇಳುತ್ತಾರಲ್ಲ, ಅಲ್ಲಿ ಮಕ್ಕಳು ಎಡವುವುದು ಇಂಥ ಕಡೆಯೇ. ‘ವೈ ಡೋಂಟ್ ಯು’ ಅಂತ ಶುರುವಾಗಿ ಪ್ರಶ್ನಾರ್ಥಕ ಚಿಹ್ನೆ ಇದ್ದರೂ ಅದು ಸಲಹೆಯೇ.

ಹೆಜ್ಜೆ 3: ಶುಡ್ ಅನ್ನು ಪಳಗಿಸಿಕೊಳ್ಳಿ

ಬಹಳ ಸುಲಭದ ಪದ ಇದು. ನಿಯಮ ಎರಡೇ. ಶುಡ್ ಆದ ಮೇಲೆ ಕ್ರಿಯಾಪದದ ಮೂಲ ರೂಪ ಬರಬೇಕು, ನಡುವೆ ಟು ಬರಬಾರದು. ‘ಯು ಶುಡ್ ಟು ಗೋ’ ತಪ್ಪು, ‘ಯು ಶುಡ್ ಗೋ’ ಸರಿ. ಎರಡನೆಯದು, ಹೀ, ಶೀ ಬಂದರೂ ಏನೂ ಬದಲಾಗುವುದಿಲ್ಲ. ‘ಶೀ ಶುಡ್ ಗೋಸ್’ ಅನ್ನುವುದಿಲ್ಲ.

ವಾಕ್ಯದ ಶುರುವಿಗೆ ‘ಐ ಥಿಂಕ್’ ಹಾಕಿದರೆ ಅದೇ ವಾಕ್ಯ ಮೆತ್ತಗಾಗುತ್ತದೆ. ‘ಮೇ ಬಿ’ ಸೇರಿಸಿದರೆ ಇನ್ನೂ ಮೆತ್ತಗೆ: ‘ಮೇ ಬಿ ಯು ಶುಡ್ ಟಾಕ್ ಟು ಹರ್.’ ಬೇಡ ಅಂತ ಹೇಳುವಾಗ ಒಂದು ಸೂಕ್ಷ್ಮ ಇದೆ. ‘ನೀನು ಹೋಗಬಾರದು ಅನ್ಸುತ್ತೆ’ ಅನ್ನುವುದು ಕನ್ನಡದ ಕ್ರಮ. ಇಂಗ್ಲಿಷಿನಲ್ಲಿ ಆ ‘ಇಲ್ಲ’ವನ್ನು ಮೊದಲೇ ಹೇಳಿಬಿಡುತ್ತಾರೆ: ‘ಐ ಡೋಂಟ್ ಥಿಂಕ್ ಯು ಶುಡ್ ಗೋ.’ ‘ಐ ಥಿಂಕ್ ಯು ಶುಡಂಟ್ ಗೋ’ ತಪ್ಪಲ್ಲ. ಆದರೆ ಮೊದಲಿನದೇ ಸಹಜ, ಮೃದು ಕೂಡ.

ಇದೇ ಅರ್ಥದ ಇನ್ನೊಂದು ಪದ ಆಟ್ ಟು. ಇದಕ್ಕೆ ಮಾತ್ರ ಟು ಬೇಕು. ಆಡುಮಾತಿನಲ್ಲಿ ಶುಡ್‌ನಷ್ಟು ಬಳಕೆ ಇಲ್ಲ. ಓದಿದಾಗ ಗುರುತು ಸಿಕ್ಕರೆ ಸಾಕು. ನೀವೇ ಬಳಸಲೇಬೇಕು ಅಂತ ತಲೆ ಕೆಡಿಸಿಕೊಳ್ಳಬೇಡಿ.

ಶುಡ್‌ಗೆ ಹ್ಯಾವ್ ಸೇರಿದರೆ ಕಥೆಯೇ ಬೇರೆ. ‘ಯು ಶುಡ್ ಹ್ಯಾವ್ ಟೋಲ್ಡ್ ಮೀ’ ಅಂದರೆ ‘ನೀನು ನನಗೆ ಹೇಳಬೇಕಿತ್ತು’. ಕಾಲ ಮೀರಿ ಹೋಗಿದೆ. ಇನ್ನು ಅದು ಸಲಹೆ ಅಲ್ಲ, ಆಕ್ಷೇಪಣೆ. ಹಾಗಾಗಿ ಕೆಲಸ ಕೆಟ್ಟ ಮೇಲೆ ಆಫೀಸ್ ಮೇಲ್‌ನಲ್ಲಿ ಇದನ್ನು ಬರೆಯುವ ಮುಂಚೆ ಒಮ್ಮೆ ಯೋಚಿಸಿ. ನಿಮ್ಮ ಬಗ್ಗೆಯೇ ಹೇಳಿಕೊಳ್ಳಲು ಮಾತ್ರ ತುಂಬಾ ಚೆನ್ನಾಗಿದೆ: ‘ಐ ಶುಡ್ ಹ್ಯಾವ್ ಕಾಲ್ಡ್ ಯು, ಸಾರಿ.’ ಫೋನ್ ಮಾಡಬೇಕಿತ್ತು ಅಂತ ಒಪ್ಪಿಕೊಂಡ ಹಾಗೂ ಆಯಿತು, ಕ್ಷಮೆ ಕೇಳಿದ ಹಾಗೂ ಆಯಿತು.

ಹೆಜ್ಜೆ 4: ಹ್ಯಾಡ್ ಬೆಟರ್ ಅನ್ನು ಎಚ್ಚರಿಕೆಗೆ ಮಾತ್ರ ಇಟ್ಟುಕೊಳ್ಳಿ

ನಮ್ಮವರ ಇಂಗ್ಲಿಷಿನಲ್ಲಿ ಅತಿ ಹೆಚ್ಚು ದುರುಪಯೋಗ ಆಗುವುದು ಇದೇ. ಕಾರಣ ಗೊತ್ತೇ ಇದೆ. ‘ಹೋಗೋದು ಒಳ್ಳೇದು’, ‘ನೋಡಿದ್ರೆ ಒಳ್ಳೇದು’ ಅನ್ನುವಾಗ ಬಾಯಿಗೆ ಮೊದಲು ಬರುವುದು ಬೆಟರ್. ಕೆಲವರು ‘ಬೆಟರ್ ಯು ಗೋ’ ಅಂತ ಪದಗಳನ್ನು ಹಿಂದುಮುಂದು ಮಾಡುತ್ತಾರೆ.

ಹ್ಯಾಡ್ ಬೆಟರ್ ಹಿಂದೆ ಯಾವಾಗಲೂ ಒಂದು ‘ಇಲ್ಲದಿದ್ದರೆ’ ಅಡಗಿ ಕೂತಿರುತ್ತದೆ. ‘ಯೂಡ್ ಬೆಟರ್ ಲೀವ್ ನೌ’ ಅಂದರೆ ಈಗಲೇ ಹೊರಡು, ಇಲ್ಲದಿದ್ದರೆ ಬಸ್ ತಪ್ಪುತ್ತೆ, ಮಳೆ ಬರುತ್ತೆ, ಏನೋ ಒಂದು ಎಡವಟ್ಟಾಗುತ್ತೆ. ಆ ‘ಇಲ್ಲದಿದ್ದರೆ’ ನಿಜವಾಗಿಯೂ ಇದ್ದರೆ ಪದ ಸರಿಯಾಗಿ ಕೂರುತ್ತದೆ. ಮೋಡ ಕವಿದಿದೆ, ಗೆಳತಿ ಸ್ಕೂಟರಿನಲ್ಲಿ ಹೊರಟಿದ್ದಾಳೆ: ‘ಯೂಡ್ ಬೆಟರ್ ಟೇಕ್ ಎ ರೇನ್‌ಕೋಟ್.’ ಇದರಲ್ಲಿ ಕಾಳಜಿಯೇ ಕೇಳಿಸುತ್ತದೆ. ಮ್ಯಾನೇಜರ್‌ಗೆ ಕಳಿಸುವ ಮೇಲ್‌ನಲ್ಲಿ ಆದರೆ ಆ ‘ಇಲ್ಲದಿದ್ದರೆ’ಯನ್ನು ಅವರೇ ತುಂಬಿಕೊಳ್ಳುತ್ತಾರೆ. ಅದು ನಿಮಗೆ ಒಳ್ಳೆಯದಲ್ಲ.

ಹಾಗಾದರೆ ‘ನೋಡಿದ್ರೆ ಒಳ್ಳೇದು’ ಅನ್ನುವುದಕ್ಕೆ ಏನು ಹೇಳಬೇಕು? ‘ಇಟ್ ಮೈಟ್ ಬಿ ಬೆಟರ್ ಟು ಚೆಕ್ ದಿಸ್ ಅಗೇನ್.’ ಅಥವಾ ‘ಇಟ್ ವುಡ್ ಬಿ ಗುಡ್ ಟು ಚೆಕ್ ದಿಸ್ ಅಗೇನ್.’ ವಾಕ್ಯ ಯು ಬದಲು ಇಟ್‌ನಿಂದ ಶುರುವಾಯಿತು ನೋಡಿ. ಬೆರಳು ಮನುಷ್ಯನ ಕಡೆಯಿಂದ ಕೆಲಸದ ಕಡೆ ತಿರುಗಿತು.

ರೂಪದ ವಿಷಯಕ್ಕೆ ಬಂದರೆ, ಹ್ಯಾಡ್ ಇದೆ ಅಂತ ಇದು ಭೂತಕಾಲ ಅಲ್ಲ. ಈಗಿನ, ಇನ್ನು ಸ್ವಲ್ಪ ಹೊತ್ತಿನ ಕೆಲಸಕ್ಕೇ ಇದನ್ನು ಹೇಳುವುದು. ಮಾತಿನಲ್ಲಿ ಹ್ಯಾಡ್ ಅನ್ನುವುದು ಬರೀ ‘ಡ್’ ಆಗಿ ಅಂಟಿಕೊಳ್ಳುತ್ತದೆ: ಐಡ್ ಬೆಟರ್, ವೀಡ್ ಬೆಟರ್. ಇಂಗ್ಲಿಷ್ ಮನೆಮಾತಿನವರೂ ಮಾತಿನ ಭರದಲ್ಲಿ ಅದನ್ನು ನುಂಗಿಬಿಡುತ್ತಾರೆ, ಆದರೆ ಬರೆಯುವಾಗ ಬಿಡಬೇಡಿ. ಬೇಡ ಅನ್ನುವುದಕ್ಕೆ ನಾಟ್ ಬರುವುದು ಬೆಟರ್ ಆದ ಮೇಲೆ: ‘ವೀಡ್ ಬೆಟರ್ ನಾಟ್ ಬಿ ಲೇಟ್.’ ‘ಪ್ರತಿದಿನ ವಾಕಿಂಗ್ ಮಾಡಬೇಕು’ ಥರದ ಸದಾಕಾಲದ ಸಲಹೆಗೆ ಇದು ಹೊಂದುವುದಿಲ್ಲ. ಅಲ್ಲಿ ಶುಡ್ ಹಾಕಿ.

ಒಂದು ಉಪಯೋಗ ಮಾತ್ರ ಎಲ್ಲರೂ ಕಲಿಯಬೇಕು. ಯಾರದೋ ಮನೆಯಲ್ಲಿ ಕೂತು ಹೊತ್ತಾಯಿತು, ಏಳಬೇಕು. ‘ಸರಿ, ನಾನಿನ್ನು ಬರ್ತೀನಿ’ ಅನ್ನುತ್ತೇವಲ್ಲ, ಅದಕ್ಕೆ ‘ಐಡ್ ಬೆಟರ್ ಗೋ’ ಅಥವಾ ‘ಐಡ್ ಬೆಟರ್ ಗೆಟ್ ಗೋಯಿಂಗ್.’ ಇಲ್ಲಿ ಎಚ್ಚರಿಕೆ ಕೊಡುತ್ತಿರುವುದು ನಮಗೇ, ಆದ್ದರಿಂದ ಯಾರಿಗೂ ನೋವಿಲ್ಲ.

ಹೆಜ್ಜೆ 5: ‘ಸಜೆಸ್ಟ್ ಮೀ’ ಬಿಟ್ಟುಬಿಡಿ

‘ಪ್ಲೀಸ್ ಸಜೆಸ್ಟ್ ಮೀ ಎ ಗುಡ್ ಮೊಬೈಲ್.’ ಇಡೀ ದೇಶ ಹೀಗೇ ಬರೆಯುತ್ತದೆ, ಆದರೂ ತಪ್ಪೇ. ಸಜೆಸ್ಟ್ ಆದ ಮೇಲೆ ನೇರವಾಗಿ ಮೀ, ಹಿಮ್, ಹರ್ ಬರುವುದಿಲ್ಲ. ‘ಪ್ಲೀಸ್ ಸಜೆಸ್ಟ್ ಎ ಗುಡ್ ಮೊಬೈಲ್’ ಸಾಕು. ‘ಹೀ ಸಜೆಸ್ಟೆಡ್ ಮೀ ಟು ಗೋ’ ಕೂಡ ತಪ್ಪು. ‘ಹೀ ಸಜೆಸ್ಟೆಡ್ ದ್ಯಾಟ್ ಐ ಗೋ’ ಅನ್ನಿ, ಅಥವಾ ‘ಹೀ ಸಜೆಸ್ಟೆಡ್ ಗೋಯಿಂಗ್ ಬೈ ಟ್ರೇನ್’ ಅನ್ನಿ. ‘ಮೀ ಟು’ ಬೇಕೇ ಬೇಕು ಅನ್ನಿಸಿದರೆ ಅಡ್ವೈಸ್ ಇದೆ: ‘ಹೀ ಅಡ್ವೈಸ್ಡ್ ಮೀ ಟು ಗೋ.’

ಅಡ್ವೈಸ್ ಅಂದಮೇಲೆ ಇನ್ನೊಂದು ವಿಷಯ. ಸಲಹೆ ಅನ್ನುವ ನಾಮಪದದ ಸ್ಪೆಲ್ಲಿಂಗಿನಲ್ಲಿ ‘ಸಿ’ ಇರುತ್ತದೆ, ಕೊನೆಯ ಸದ್ದು ‘ಸ್’. ಸಲಹೆ ಕೊಡು ಅನ್ನುವ ಕ್ರಿಯಾಪದದಲ್ಲಿ ‘ಎಸ್’ ಇರುತ್ತದೆ, ಸದ್ದು ಜೇನುನೊಣದ ‘ಜ಼್’. ನಾಮಪದಕ್ಕೆ ಬಹುವಚನ ಇಲ್ಲ. ‘ಮೆನಿ ಅಡ್ವೈಸಸ್’ ಅನ್ನಬಾರದು. ‘ಸಮ್ ಅಡ್ವೈಸ್’, ‘ಎ ಪೀಸ್ ಆಫ್ ಅಡ್ವೈಸ್’ ಅನ್ನಬೇಕು.

ಹೆಜ್ಜೆ 6: ‘ನಿನ್ನ ಜಾಗದಲ್ಲಿ ನಾನಿದ್ದಿದ್ರೆ’

ಇದು ಕನ್ನಡದಿಂದ ಸಲೀಸಾಗಿ ದಾಟುತ್ತದೆ. ‘ಇಫ್ ಐ ವರ್ ಯು, ಐ ವುಡ್ ವೇಟ್.’ ಐ ಜೊತೆ ವಾಸ್ ಬಿಟ್ಟು ವರ್ ಯಾಕೆ ಅಂದರೆ, ನಾನು ನೀನಾಗುವುದು ನಡೆಯದ ಮಾತು. ನಡೆಯದ ಮಾತಿಗೆ ಇಂಗ್ಲಿಷಿನಲ್ಲಿ ವರ್. ಮೊದಲ ಅರ್ಧ ಬಿಟ್ಟು ಬರೀ ‘ಐ ವುಡ್ ವೇಟ್’ ಅಂದರೂ ಅರ್ಥವಾಗುತ್ತದೆ. ದೊಡ್ಡವರಿಗೆ, ಹೆಚ್ಚು ಪರಿಚಯ ಇಲ್ಲದವರಿಗೆ ಸಲಹೆ ಕೊಡುವಾಗ ನಾನು ಮೊದಲು ಹಿಡಿಯುವುದು ಇದನ್ನೇ. ‘ನೀವು ಹೀಗೆ ಮಾಡಿ’ ಅನ್ನುವ ಗೋಜೇ ಇರುವುದಿಲ್ಲ.

ಹೆಜ್ಜೆ 7: ‘ಅದಕ್ಕಿಂತ ಇದು’ ಅನ್ನುವಾಗ

ಇನ್ನು ಇಷ್ಟ-ಆಯ್ಕೆಯ ಮಾತು. ‘ನನಗೆ ಟೀಗಿಂತ ಕಾಫಿ ಇಷ್ಟ.’ ‘ಗಿಂತ’ ಅಂದ ಕೂಡಲೇ ದ್ಯಾನ್ ನೆನಪಾಗುತ್ತದೆ. ‘ಐ ಪ್ರಿಫರ್ ಕಾಫಿ ದ್ಯಾನ್ ಟೀ’ ಅಂದುಬಿಡುತ್ತೇವೆ. ಪ್ರಿಫರ್‌ಗೆ ಜೋಡಿ ಟು: ‘ಐ ಪ್ರಿಫರ್ ಕಾಫಿ ಟು ಟೀ.’ ದ್ಯಾನ್ ಬಿಡಲು ಮನಸ್ಸಿಲ್ಲದಿದ್ದರೆ ವಾಕ್ಯ ಬದಲಾಯಿಸಿ: ‘ಐ ಲೈಕ್ ಕಾಫಿ ಬೆಟರ್ ದ್ಯಾನ್ ಟೀ.’ ‘ಮೋರ್ ಪ್ರಿಫರ್’ ಬೇಡ. ಪ್ರಿಫರ್‌ನಲ್ಲೇ ಆ ‘ಹೆಚ್ಚು’ ಇದೆ.

ಕೆಲಸಗಳನ್ನು ಹೋಲಿಸುವುದಾದರೆ ಎರಡಕ್ಕೂ ಇಂಗ್ ಹಚ್ಚಿ: ‘ಐ ಪ್ರಿಫರ್ ವಾಕಿಂಗ್ ಟು ಡ್ರೈವಿಂಗ್.’ ಯಾವಾಗಲೂ ಇರುವ ಇಷ್ಟಕ್ಕೆ ‘ಐ ಪ್ರಿಫರ್’. ಈಗ, ಈ ಹೊತ್ತಿಗೆ ಏನು ಬೇಕು ಅನ್ನುವುದಕ್ಕೆ ‘ಐಡ್ ಪ್ರಿಫರ್’: ‘ಐಡ್ ಪ್ರಿಫರ್ ಟು ಸಿಟ್ ಬೈ ದ ವಿಂಡೋ.’

ಹೋಟೆಲಿನಲ್ಲಿ, ನೆಂಟರ ಮನೆಯಲ್ಲಿ ‘ಏನು ತಗೋತೀರಾ’ ಅಂದರೆ ನಮ್ಮ ಉತ್ತರ ‘ಏನಾದ್ರೂ ಪರವಾಗಿಲ್ಲ’. ಇಂಗ್ಲಿಷಿನಲ್ಲಿ ಅದಕ್ಕೆ ‘ಐ ಡೋಂಟ್ ಮೈಂಡ್’. ಬಾಯಿ ತಪ್ಪಿ ‘ಐ ಡೋಂಟ್ ಕೇರ್’ ಅಂದರೆ ‘ಏನಾದ್ರೂ ಮಾಡ್ಕೋ, ನನಗೇನು’ ಅಂದ ಹಾಗೆ ಕೇಳಿಸಬಹುದು. ಹೊರದೇಶದಲ್ಲಿ ಇರುವವರಿಗೆ ಇನ್ನೊಂದು ಮಾತು. ಅಲ್ಲಿ ಕೇಳಿದಾಗ ಒಂದನ್ನು ಆರಿಸಿ ಹೇಳುವುದು ಅತಿಯಾಸೆ ಅನ್ನಿಸಿಕೊಳ್ಳುವುದಿಲ್ಲ. ‘ಟೀ ವುಡ್ ಬಿ ಲವ್ಲಿ, ಥ್ಯಾಂಕ್ಯೂ’ ಅಂದುಬಿಡಿ. ಎರಡನೇ ಸಲ ಒತ್ತಾಯ ಮಾಡುತ್ತಾರೆ ಅಂತ ಸುಮ್ನೆ ಕಾದರೆ ಟೀ ಬರದೇ ಹೋಗಬಹುದು.

ಹೆಜ್ಜೆ 8: ವುಡ್ ರಾದರ್

ಇದು ಬಂದರೆ ನಿಮ್ಮ ಇಂಗ್ಲಿಷಿಗೆ ಬೇರೆಯೇ ಕಳೆ ಬರುತ್ತದೆ. ‘ಐಡ್ ರಾದರ್ ವಾಕ್’ ಅಂದರೆ ‘ನಡ್ಕೊಂಡು ಹೋಗೋದೇ ವಾಸಿ’. ಇಲ್ಲೂ ಟು ಇಲ್ಲ. ಹೋಲಿಕೆಗೆ ದ್ಯಾನ್ ಬೇಕು: ‘ಐಡ್ ರಾದರ್ ವಾಕ್ ದ್ಯಾನ್ ವೇಟ್ ಫಾರ್ ದ ಬಸ್.’ ಐಡ್ ಬೆಟರ್‌ನಲ್ಲಿ ‘ಡ್’ ಅಂದರೆ ಹ್ಯಾಡ್, ಐಡ್ ರಾದರ್‌ನಲ್ಲಿ ವುಡ್. ಕೇಳಲು ಒಂದೇ ಥರ ಇರುತ್ತದೆ, ಬಿಡಿಸಿ ಬರೆಯುವಾಗ ಜೋಪಾನ.

ಬೇಡ ಅನ್ನುವುದಕ್ಕೆ ‘ಐಡ್ ರಾದರ್ ನಾಟ್’. ಯಾರೋ ಸಂಬಳ ಕೇಳಿದರು, ಮದುವೆ ಯಾವಾಗ ಅಂದರು. ‘ಐಡ್ ರಾದರ್ ನಾಟ್ ಸೇ’ ಅಂದರೆ ಜಗಳವಿಲ್ಲದೆ ಬಾಗಿಲು ಹಾಕಿದ ಹಾಗೆ.

ಕಷ್ಟ ಅನ್ನಿಸುವುದು ಬೇರೆಯವರು ಏನು ಮಾಡಬೇಕು ಅಂತ ಹೇಳುವಾಗ. ‘ಐಡ್ ರಾದರ್ ಯು ಕೇಮ್ ಟುಮಾರೋ.’ ನಾಳೆಯ ಮಾತು, ಆದರೆ ಕ್ರಿಯಾಪದ ಕೇಮ್. ಇದೇನಪ್ಪ ವಿಚಿತ್ರ ಅನ್ನಿಸುತ್ತದೆ ಅಲ್ವಾ? ನಾವು ಏನು ಅನ್ನುತ್ತೇವೆ ನೋಡಿ: ‘ನೀವು ನಾಳೆ ಬಂದಿದ್ರೆ ಚೆನ್ನಾಗಿತ್ತು.’ ಅಲ್ಲೂ ‘ಬಂದ’ ಇದೆ, ‘ಇತ್ತು’ ಇದೆ. ನಾಳೆಯ ಮಾತಿಗೆ ನಾವೂ ಹಿಂದಿನ ಕಾಲವನ್ನೇ ಬಳಸುತ್ತೇವೆ. ‘ಇಲ್ಲಿ ಸಿಗರೇಟ್ ಸೇದಬಹುದಾ’ ಅಂತ ಕೇಳಿದವರಿಗೆ ‘ಐಡ್ ರಾದರ್ ಯು ಡಿಡಂಟ್’ ಅನ್ನುವುದೂ ಇದೇ ಲೆಕ್ಕ. ‘ನೋ’ ಅನ್ನದೆ ‘ನೋ’ ಅಂದ ಹಾಗಾಯಿತು.

ಹೆಜ್ಜೆ 9: ಇದ್ದ ಮೇಲ್ ಒಂದನ್ನು ತಿದ್ದಿ ನೋಡಿ

ಇಂಥ ಮೇಲ್ ನೀವು ಕಳಿಸಿದ ಮೇಲ್‌ಗಳಲ್ಲೂ ಸಿಗಬಹುದು: ‘ಯು ಮಸ್ಟ್ ಸೆಂಡ್ ದ ರಿಪೋರ್ಟ್ ಬೈ ಫ್ರೈಡೇ. ಯು ಬೆಟರ್ ಚೆಕ್ ದ ನಂಬರ್ಸ್ ಫಸ್ಟ್. ಐ ಪ್ರಿಫರ್ ಫೋನ್ ದ್ಯಾನ್ ಮೇಲ್. ಸಜೆಸ್ಟ್ ಮೀ ಎ ಟೈಮ್.’

ತಿದ್ದಿದರೆ ಹೀಗಾಗುತ್ತದೆ: ‘ಕುಡ್ ಯು ಸೆಂಡ್ ದ ರಿಪೋರ್ಟ್ ಬೈ ಫ್ರೈಡೇ? ಯು ಮೈಟ್ ವಾಂಟ್ ಟು ಚೆಕ್ ದ ನಂಬರ್ಸ್ ಫಸ್ಟ್. ಐಡ್ ಪ್ರಿಫರ್ ಟು ಟಾಕ್ ಆನ್ ದ ಫೋನ್. ಕುಡ್ ಯು ಸಜೆಸ್ಟ್ ಎ ಟೈಮ್?’

ಇದರಲ್ಲಿ ‘ಯು ಮೈಟ್ ವಾಂಟ್ ಟು’ ಅನ್ನುವುದನ್ನು ಗಮನಿಸಿ. ‘ನಿಮಗೆ ಬೇಕಾಗಬಹುದು’ ಅಂತ ಅಕ್ಷರಕ್ಕೆ ಅಕ್ಷರ ಅರ್ಥ ಮಾಡಿಕೊಂಡು ನಮ್ಮವರು ಸುಮ್ಮನಿದ್ದುಬಿಡುತ್ತಾರೆ. ಇಂಗ್ಲಿಷಿನವರು ಹೀಗೆ ಬರೆದರೆ ಸಾಮಾನ್ಯವಾಗಿ ‘ದಯವಿಟ್ಟು ಮಾಡಿ’ ಅಂತಲೇ ಅರ್ಥ. ನಿಮಗೇ ಯಾರಾದರೂ ಬರೆದಿದ್ದರೆ ಆ ಕೆಲಸ ಮೊದಲು ಮುಗಿಸಿ.

ಹೊರದೇಶಕ್ಕೆ ಓದಲು, ಕೆಲಸಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಇದೆಯಲ್ಲ, ಅದನ್ನು ಬರೆಯುವವರಿಗೆ ಇದೆಲ್ಲ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಅದರ ಸ್ಪೀಕಿಂಗ್ ಪರೀಕ್ಷೆ 11ರಿಂದ 14 ನಿಮಿಷ, ಮೂರು ಭಾಗ. ಮೊದಲ ಭಾಗದಲ್ಲಿ ‘ಡು ಯು ಪ್ರಿಫರ್...’ ಥರದ ಪ್ರಶ್ನೆಗಳು ಬರುವುದು ಮಾಮೂಲು. ‘ಐ ಪ್ರಿಫರ್ ಮಾರ್ನಿಂಗ್’ ಅಂತ ನಿಲ್ಲಿಸಬೇಡಿ. ಕಾರಣ ಕೊಡಿ, ಆಮೇಲೆ ಒಂದು ‘ಆದರೆ’ ಸೇರಿಸಿ: ‘ಐ ಪ್ರಿಫರ್ ಸ್ಟಡಿಯಿಂಗ್ ಇನ್ ದ ಮಾರ್ನಿಂಗ್ ಬಿಕಾಸ್ ದ ಹೌಸ್ ಈಸ್ ಕ್ವಯಟ್, ಬಟ್ ಆನ್ ಸಂಡೇಸ್ ಐಡ್ ರಾದರ್ ಸ್ಲೀಪ್.’

ಇವನ್ನು ಈಗ ನೀವೇ ಇಂಗ್ಲಿಷಿನಲ್ಲಿ ಹೇಳಿ ನೋಡಿ: ‘ಮೆಟ್ರೋದಲ್ಲಿ ಹೋಗ್ಬಾರ್ದಾ?’ ‘ನನಗೆ ಅನ್ನಕ್ಕಿಂತ ಮುದ್ದೆ ಇಷ್ಟ.’ ‘ನೀನು ಅವನಿಗೆ ಹೇಳ್ಬಾರ್ದಿತ್ತು.’ ‘ನೀವು ಅವಳಿಗೆ ಹೇಳ್ದೇ ಇದ್ರೆ ಚೆನ್ನಾಗಿತ್ತು.’

ಉತ್ತರಗಳು: ‘ವೈ ಡೋಂಟ್ ಯು ಟೇಕ್ ದ ಮೆಟ್ರೋ?’ ‘ಐ ಪ್ರಿಫರ್ ಮುದ್ದೆ ಟು ರೈಸ್.’ ‘ಯು ಶುಡಂಟ್ ಹ್ಯಾವ್ ಟೋಲ್ಡ್ ಹಿಮ್.’ ನಾಲ್ಕನೆಯದಕ್ಕೆ, ಇನ್ನೂ ಹೇಳಿಲ್ಲ ಅಂತಾದರೆ, ‘ಐಡ್ ರಾದರ್ ಯು ಡಿಡಂಟ್ ಟೆಲ್ ಹರ್.’ ಈಗಾಗಲೇ ಹೇಳಿಬಿಟ್ಟಿದ್ದರೆ ‘ಐಡ್ ರಾದರ್ ಯು ಹ್ಯಾಡಂಟ್ ಟೋಲ್ಡ್ ಹರ್.’